ಡಿಸ್ಪೋಸಲ್ ಜೀಪನ್ನು ಯಾವ ರೂಪಕ್ಕೆ ಮರಳಿಸಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಕಬ್ಬಿನ ಹೊಲದ ತಗಡಿನ ಶೆಡ್ಡಿನಲ್ಲೋ ಹಳೆಯ ವಾಡೆಯ ಹಿಂದಿನ ದನದ ಮನೆಯಲ್ಲೋ, ಇಂದಿಗೂ ಅಲ್ಲೊಂದು ಇಲ್ಲೊಂದು ‘ಡಿಸ್ಪೋಸಲ್ ಜೀಪು’ ನಿಂತಿರುವುದುಂಟು. ಎರಡನೆಯ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ತಯಾರಾಗಿ, ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾಗಿ ನಾಗರಿಕರ ಕೈಸೇರಿ, ಬಡಿಗರು, ಕಮ್ಮಾರರು, ವೆಲ್ಡಿಂಗ್‌ನವರು ತಮತಮಗೆ ತಿಳಿದಂತೆ ಬದಲಾಯಿಸುತ್ತ ಬಂದ ಗಾಡಿ ಅದು. ಅಂಥದ್ದೊಂದು ಮನೆಯಲ್ಲಿದ್ದರೆ ಅದನ್ನು ಮತ್ತೆ ಸೇನೆಯ ಜೀಪಾಗಿಸಬೇಕೋ, ಅಜ್ಜ ಓಡಿಸುತ್ತಿದ್ದ ಜೀಪಾಗಿಯೇ ಉಳಿಸಬೇಕೋ ಎಂಬ ಗೊಂದಲ ಎಲ್ಲರಿಗೂ ಒಂದೇ. ನಮ್ಮ ಮನೆಯ ಜೀಪಿಗೆ ಅವಸರದಲ್ಲಿ ಕೈಹಚ್ಚಿ, ಅರ್ಧ ಕೆಡಿಸಿ, ಆಮೇಲೆ ನಿಧಾನವಾಗಿ ಕಲಿತವನು ಬರೆದ ಉತ್ತರಗಳಿವು.

ನಮ್ಮ ಜೀಪು ನಿಜವಾಗಿಯೂ ಯುದ್ಧಕಾಲದ್ದೇ ಎಂದು ತಿಳಿಯುವುದು ಹೇಗೆ?

ಬಾನೆಟ್ಟಿನ ಎತ್ತರದಿಂದ ಆರಂಭಿಸಬಹುದು. ನಮ್ಮ ಕಡೆಯ ಮೆಕ್ಯಾನಿಕ್‌ಗಳು ಜೀಪುಗಳನ್ನು ‘ಲೋ ಬಾನೆಟ್’ ಮತ್ತು ‘ಹೈ ಬಾನೆಟ್’ ಎಂದು ಎರಡಾಗಿ ವಿಂಗಡಿಸುತ್ತಾರೆ, ಮತ್ತು ಆ ವಿಂಗಡಣೆಯಲ್ಲಿ ಸಾಕಷ್ಟು ಅರ್ಥವಿದೆ. ಎತ್ತರದ ಬಾನೆಟ್ಟಿನದು ಸಿಜೆ-3ಬಿ ಮಾದರಿ. ವಿಲ್ಲಿಸ್ ಕಂಪನಿ ಅದನ್ನು ಹೊರತಂದದ್ದು 1953ರಲ್ಲಿ, ನಂತರ ಮಹೀಂದ್ರ ಕಂಪನಿಯವರು ಇಲ್ಲಿ ಅದನ್ನು ದಶಕಗಳ ಕಾಲ ತಯಾರಿಸಿದರು. ಅದು ಎಷ್ಟೇ ಹಳೆಯದಾಗಿ ಕಂಡರೂ ಯುದ್ಧ ನೋಡಿದ ಗಾಡಿಯಲ್ಲ. ಹಾಗೆಂದು ತಗ್ಗು ಬಾನೆಟ್ಟಿನವೆಲ್ಲ ಯುದ್ಧದವೇ ಎಂದಲ್ಲ. 1945ರಲ್ಲಿಯೇ ವಿಲ್ಲಿಸ್‌ನವರು ರೈತರಿಗೆಂದು ಸಿಜೆ-2ಎ ಎಂಬ ಜೀಪು ಮಾಡಿದರು. ಅದರ ಮುಂದಿನ ಜಾಲರಿಯಲ್ಲಿ ಏಳು ಸೀಳುಗಳಿರುತ್ತವೆ, ದೀಪಗಳು ದೊಡ್ಡವು, ಹಿಂದೆ ಇಳಿಸುವ ಬಾಗಿಲಿರುತ್ತದೆ. ಯುದ್ಧದ ಜೀಪಿನ ಒತ್ತುತಗಡಿನ ಜಾಲರಿಗೆ ಒಂಬತ್ತು ಸೀಳು, ದೀಪಗಳು ಚಿಕ್ಕವು, ಎಂಜಿನ್ ಕಡೆಗೆ ತಿರುಗಿಸಿ ರಾತ್ರಿ ದುರಸ್ತಿ ಮಾಡಲು ಬರುವಂತೆ ಕೀಲಿನ ಮೇಲೆ ಕೂರಿಸಿದವು, ಹಿಂದೆ ಬಾಗಿಲಿಲ್ಲ, ಎಡಮಗ್ಗುಲಿನ ತಗಡಿನಲ್ಲಿ ಗುದ್ದಲಿ ಮತ್ತು ಕೊಡಲಿ ಕೂರಲು ತಗ್ಗುಗಳಿರುತ್ತವೆ, ಪೆಟ್ರೋಲ್ ಟ್ಯಾಂಕು ಚಾಲಕನ ಸೀಟಿನ ಕೆಳಗಿರುತ್ತದೆ.

ಆದರೆ ಜಾಲರಿ, ತಗಡು, ದೀಪ ಇವೆಲ್ಲ ಎಂಬತ್ತು ವರ್ಷಗಳಲ್ಲಿ ಹತ್ತು ಸಲ ಬದಲಾಗಿರಬಹುದು. ಸುಳ್ಳು ಹೇಳದಿರುವುದು ಚಾಸಿ, ಅಂದರೆ ಗಾಡಿಯ ಅಡಿಯ ಚೌಕಟ್ಟು, ಒಂದೇ. ರೇಡಿಯೇಟರಿನ ಮುಂದೆ, ಬಂಪರಿನ ಹಿಂದೆ, ಎರಡು ಉದ್ದ ಪಟ್ಟಿಗಳನ್ನು ಜೋಡಿಸುವ ಅಡ್ಡಪಟ್ಟಿಯನ್ನು ಬಗ್ಗಿ ನೋಡಿ. ಅದು ದುಂಡನೆಯ ಕೊಳವೆಯಾಗಿದ್ದರೆ ಚಾಸಿ ವಿಲ್ಲಿಸ್ ಎಂಬಿ. ಬೋರಲು ಹಾಕಿದ ದೋಣಿಯಂತೆ ಚೌಕನೆಯದಾಗಿದ್ದರೆ ಫೋರ್ಡ್ ಜಿಪಿಡಬ್ಲ್ಯೂ. ವಿಲ್ಲಿಸ್ ಒಂದರಿಂದಲೇ ಯುದ್ಧದ ಬೇಡಿಕೆ ಪೂರೈಸಲಾಗದೆ ಅದೇ ನಕ್ಷೆಯ ಜೀಪನ್ನು ಫೋರ್ಡ್ ಕಂಪನಿಯೂ ತಯಾರಿಸಿತು. 1941ರಿಂದ 1945ರವರೆಗೆ ಇಬ್ಬರೂ ಸೇರಿ ತಯಾರಿಸಿದ್ದು ಆರು ಲಕ್ಷಕ್ಕೂ ಮೀರಿದ ಜೀಪುಗಳು. ಹೆನ್ರಿ ಫೋರ್ಡರ ಕಂಪನಿ ತನ್ನ ಬಿಡಿಭಾಗಗಳ ಮೇಲೆ, ಬೋಲ್ಟುಗಳ ತಲೆಯ ಮೇಲೆ ಕೂಡ, ಇಂಗ್ಲಿಷಿನ ‘ಎಫ್’ ಅಕ್ಷರವನ್ನು ಒತ್ತುತ್ತಿತ್ತು. ಸಂಜೆಯ ಬಿಡುವಿನಲ್ಲಿ ತಂತಿಯ ಬ್ರಷ್ಷಿನಿಂದ ಬೋಲ್ಟುಗಳ ತಲೆ ಉಜ್ಜುತ್ತ ಆ ಅಕ್ಷರ ಹುಡುಕುವುದು ಒಂದು ಬಗೆಯ ಹುಚ್ಚು, ಹಿಡಿದರೆ ಬಿಡುವುದಿಲ್ಲ.

ಚಾಸಿ ನಂಬರಿನ ಜಾಗವೂ ಎರಡರಲ್ಲಿ ಬೇರೆ. ಫೋರ್ಡಿನಲ್ಲಿ ಅದನ್ನು ಎಡಪಟ್ಟಿಯ ಮೇಲ್ಮೈಯಲ್ಲಿಯೇ ಕೊರೆದಿರುತ್ತಾರೆ, ಮತ್ತು ಕಾರ್ಖಾನೆಯಿಂದ ಹೊರಬೀಳುವಾಗ ಎಂಜಿನ್ ನಂಬರೂ ಅದೇ ಆಗಿರುತ್ತಿತ್ತು. ವಿಲ್ಲಿಸ್‌ನಲ್ಲಿ ಮುಂದಿನ ಬಂಪರಿನ ಹಿಂದೆ, ಎಡಪಟ್ಟಿಯ ಒಳಮೈಗೆ ರಿವೆಟ್ ಹೊಡೆದ ಸಣ್ಣ ಫಲಕದ ಮೇಲೆ ನಂಬರಿರುತ್ತದೆ. ಆ ಫಲಕ ಉದುರಿಹೋದ ವಿಲ್ಲಿಸ್‌ಗಳೇ ಹೆಚ್ಚು, ಆರ್‌ಟಿಒ ಕಚೇರಿಯಲ್ಲಿ ಅದು ತರುವ ತಲೆನೋವೂ ಹೆಚ್ಚು.

ಇಷ್ಟೊಂದು ಜೀಪುಗಳು ನಮ್ಮ ಭಾಗಕ್ಕೆ ಬಂದದ್ದು ಹೇಗೆ?

ಬರ್ಮಾ ಗಡಿಯ ಯುದ್ಧಕ್ಕೆ ಭಾರತವೇ ಹಿತ್ತಲಾಗಿತ್ತು. ಅಮೆರಿಕನ್ನರು ತಮ್ಮ ಸೈನ್ಯಕ್ಕೆಂದು ತಂದ ಗಾಡಿಗಳು, ಬ್ರಿಟಿಷ್ ಮತ್ತು ಭಾರತೀಯ ಸೇನೆಗೆ ಸಾಲದ ಲೆಕ್ಕದಲ್ಲಿ ಕೊಟ್ಟ ಗಾಡಿಗಳು, ಎರಡೂ ಯುದ್ಧ ಮುಗಿದಾಗ ಇಲ್ಲಿಯೇ ಉಳಿದವು. ಹಡಗಿನಲ್ಲಿ ಮರಳಿ ಸಾಗಿಸುವುದಕ್ಕಿಂತ ಮಾರುವುದೇ ಅಗ್ಗವಾಗಿತ್ತು. ಬೆಳಗಾವಿ ಮೊದಲಿನಿಂದಲೂ ದಂಡಿನ ಊರು. ಕ್ಯಾಂಪ್ ಪ್ರದೇಶ, ಮರಾಠಾ ಲಘು ಪದಾತಿದಳದ ಕೇಂದ್ರ, 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ ಸಾಂಬ್ರಾ ವಿಮಾನ ನಿಲ್ದಾಣ, ಇವೆಲ್ಲದರಿಂದಾಗಿ ಇಲ್ಲಿಯ ಜನರಿಗೆ ಸೇನೆಯ ಗಾಡಿ ಹೊಸದೇನೂ ಆಗಿರಲಿಲ್ಲ, ಅದನ್ನು ಬಿಚ್ಚಿ ಕೂಡಿಸಬಲ್ಲ ನಿವೃತ್ತ ಸೈನಿಕರೂ ಊರೂರಿಗೆ ಇದ್ದರು. ಆದರೆ ನಿಮ್ಮ ಜೀಪು ಕ್ಯಾಂಪಿನಿಂದಲೇ ಬಂತೆಂದು ಕಾಗದವಿಲ್ಲದೆ ಹೇಳಬೇಡಿ. ಬೊಂಬಾಯಿಯಲ್ಲೋ ಪುಣೆಯಲ್ಲೋ ಕೊಂಡು ರೈಲಿನಲ್ಲಿ ತಂದ ಸಾಧ್ಯತೆಯೂ ಅಷ್ಟೇ ಇದೆ.

ಕೊನೆಗೂ ಯಾವ ರೂಪಕ್ಕೆ ಮರಳಿಸಬೇಕು: ಸೇನೆಯ ರೂಪಕ್ಕೋ, ಊರಿನ ರೂಪಕ್ಕೋ?

ಹೆಚ್ಚಿನವರು ಈ ಪ್ರಶ್ನೆ ಕೇಳುವ ಹೊತ್ತಿಗೆ ಹಸಿರು ಬಣ್ಣದ ಡಬ್ಬಿ ತಂದಿಟ್ಟಾಗಿರುತ್ತದೆ. ಯುದ್ಧದ ರೂಪವೇ ‘ಅಸಲಿ’, ಉಳಿದದ್ದೆಲ್ಲ ಆಮೇಲೆ ಅಂಟಿದ ಕೊಳೆ ಎಂಬ ಗ್ರಹಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಲೆಕ್ಕ ಹಾಕಿ ನೋಡಿದರೆ, 1943ರಲ್ಲಿ ಹುಟ್ಟಿದ ಜೀಪು ಸಮವಸ್ತ್ರದಲ್ಲಿದ್ದದ್ದು ಹೆಚ್ಚೆಂದರೆ ಮೂರು ನಾಲ್ಕು ವರ್ಷ. ಬೆಲ್ಲದ ಪೆಂಟೆ, ಹೆರಿಗೆ ನೋವಿನ ಸೊಸೆ, ಮದುವೆಯ ದಿಬ್ಬಣ, ಚುನಾವಣೆಯ ಧ್ವನಿವರ್ಧಕ ಹೊತ್ತು ತಿರುಗಿದ್ದು ನಾಲ್ಕೈದು ದಶಕ. ಈ ಎರಡರಲ್ಲಿ ಯಾವುದು ಅದರ ಜೀವನ, ಯಾವುದು ಮುನ್ನುಡಿ?

ಬಾಗಲಕೋಟೆ ಜಿಲ್ಲೆಯ ಐಹೊಳೆಗೆ ಹೋದವರೆಲ್ಲ ಲಾಡಖಾನ್ ಗುಡಿಯನ್ನು ನೋಡಿರುತ್ತಾರೆ. ಚಾಲುಕ್ಯರ ಕಾಲದ ಆ ಗುಡಿಯಲ್ಲಿ ಎಷ್ಟೋ ಶತಮಾನಗಳ ನಂತರ ಲಾಡಖಾನ್ ಎಂಬವನೊಬ್ಬ ವಾಸವಾಗಿದ್ದ. ಗುಡಿಗೆ ಉಳಿದದ್ದು ಕಟ್ಟಿಸಿದವನ ಹೆಸರಲ್ಲ, ಉಳಿದುಕೊಂಡವನ ಹೆಸರು. ಬಳಕೆಯೂ ಚರಿತ್ರೆಯ ಭಾಗವೆಂದು ಒಪ್ಪಲು ನಮಗೆ ಹೊರಗಿನ ಉದಾಹರಣೆಗಳೇನೂ ಬೇಕಾಗಿಲ್ಲ.

ಹಾಗೆಂದು ಊರಿನ ರೂಪವೇ ಯಾವಾಗಲೂ ಸರಿ ಎಂದು ನಾನು ವಾದಿಸುತ್ತಿಲ್ಲ. ಗಾಡಿಯ ಮೇಲೆ ಏನು ಉಳಿದಿದೆ, ಅದರ ಬಗ್ಗೆ ಏನು ದಾಖಲೆಯಿದೆ, ಇಂದು ಮಾಡುವ ಕೆಲಸವನ್ನು ನಾಳೆ ಹಿಂದಕ್ಕೆ ತೆಗೆದುಕೊಳ್ಳಲು ಬರುತ್ತದೆಯೇ, ಇವನ್ನು ಈ ಅನುಕ್ರಮದಲ್ಲಿಯೇ ನೋಡಬೇಕೆಂಬುದು ನನ್ನ ಅಭಿಪ್ರಾಯ. ಮೂಲ ತಗಡಿನ ಬಾಡಿ ಇದ್ದು, ಗುದ್ದಲಿಯ ತಗ್ಗು, ಹಿಂದಿನ ಮೂಲೆಗಳ ಸಾಮಾನಿನ ಪೆಟ್ಟಿಗೆಗಳು, ಡ್ಯಾಶ್‌ಬೋರ್ಡಿನ ಮಾಹಿತಿ ಫಲಕಗಳು ಜಾಗದಲ್ಲಿಯೇ ಇದ್ದು, ನಾಗರಿಕ ಬದಲಾವಣೆ ಎಂದರೆ ಮೇಲೆ ಬಳಿದ ಬಣ್ಣ ಮತ್ತು ಎರಡು ಬೆಂಚು ಮಾತ್ರವೆಂದಾದರೆ ಸೇನೆಯ ರೂಪಕ್ಕೆ ಮರಳಿಸುವುದರಲ್ಲಿ ಏನೂ ಕಳೆದುಹೋಗುವುದಿಲ್ಲ. ಅದೇ ಜೀಪಿಗೆ 1950ರ ಸುಮಾರಿಗೆ ಯಾರೋ ಕೈಬಲ್ಲ ಬಡಿಗ ಸಾಗವಾನಿ ಚೌಕಟ್ಟಿನ ಪೂರ್ಣ ಬಾಡಿ ಕಟ್ಟಿದ್ದು, ಆ ರೂಪದಲ್ಲಿರುವ ಫೋಟೊಗಳು ಮನೆಯಲ್ಲಿದ್ದು, ಅದಕ್ಕಾಗಿ ಮೂಲ ತಗಡನ್ನು ಆಗಲೇ ಕತ್ತರಿಸಿ ಹಾಕಿದ್ದರೆ, ಈಗ ಸೇನೆಯ ರೂಪ ಕೊಡುವುದೆಂದರೆ ಹೊಸ ತಗಡು ತಂದು ಹೊಸ ಜೀಪು ಮಾಡಿದಂತೆ. ಅಂಥ ಹೊಸ ಜೀಪುಗಳು ಜಗತ್ತಿನ ತುಂಬ ಇವೆ. ಸಾಗವಾನಿ ಬಾಡಿಯದು ಒಂದೇ ಇದೆ.

ನಮ್ಮದು ಹೀಗೆಯೇ ಎರಡನೆಯ ಬಗೆಯದು. ಬೈಲಹೊಂಗಲ ಕಡೆಯ ನಮ್ಮ ಊರಿನಲ್ಲಿ ಚಕ್ಕಡಿ ಕಟ್ಟುತ್ತಿದ್ದ ಬಡಿಗರೇ ಅದರ ಹಿಂಬದಿಯನ್ನೂ ಕಟ್ಟಿದ್ದರು. ಬಾಗಿಲಿನ ತಿರುಗಣಿಗಳು ಚಕ್ಕಡಿಯ ಕೀಲಿನ ಜಾತಿಯವು, ಕೀಲೆಣ್ಣೆ ಹಾಕಲು ಸಣ್ಣ ತೂತು ಕೂಡ ಇದೆ. ಮೊದಲು ನಾನು ಅದನ್ನು ಬಿಚ್ಚಿ ಒಲೆಗೆ ಹಾಕುವ ಮಾತಾಡಿದ್ದೆ. ತಾಯಿ ಬೇಡವೆಂದದ್ದು ಚರಿತ್ರೆಯ ಮೇಲಿನ ಪ್ರೀತಿಯಿಂದಲ್ಲ, ಒಳ್ಳೆಯ ಸಾಗವಾನಿ ಹಾಳಾಗುತ್ತದೆಂದು. ಕಾರಣ ಏನೇ ಇರಲಿ, ಬಾಡಿ ಉಳಿಯಿತು.

ಇನ್ನು 1990ರ ನಂತರದ ಪದರಗಳ ಮಾತು ಬೇರೆ. ಫೈಬರ್ ಹುಡ್ಡು, ಅಗಲ ಟೈರು, ಕ್ರೋಮ್ ಬಂಪರುಗಳನ್ನು ತೆಗೆಯುವಾಗ ನನಗೆ ಕೈ ನಡುಗುವುದಿಲ್ಲ. ಆದರೆ ಜೀಪು ವಡಾಪ್, ಅಂದರೆ ಊರಿಂದೂರಿಗೆ ಜನರನ್ನು ಸಾಗಿಸುವ ಬಾಡಿಗೆ ಗಾಡಿಯಾಗಿ, ಓಡಿದ್ದರೆ ಊರುಗಳ ಹೆಸರು ಬರೆದ ಆ ಹಲಗೆಯನ್ನಾದರೂ ಎತ್ತಿಡಿ. ಅದೂ ಯಾರದೋ ಹೊಟ್ಟೆಪಾಡಿನ ಗುರುತು.

ಕೆಲಸ ಆರಂಭಿಸುವ ಮೊದಲು ಮಾಡಲೇಬೇಕಾದದ್ದು ಏನು?

ಏನನ್ನೂ ಕೆರೆಯದಿರುವುದು. ನಾನು ಮಾಡಿದ ದೊಡ್ಡ ತಪ್ಪು ಇದೇ. ಮೊದಲ ವಾರದಲ್ಲಿಯೇ ಬಾನೆಟ್ಟನ್ನು ಮರಳಿನ ಒತ್ತಡದಿಂದ ಶುಚಿಗೊಳಿಸುವ ಒಂದು ಅಂಗಡಿಗೆ ಕೊಟ್ಟೆ. ತಗಡು ಬೆಳ್ಳಗೆ ಹೊಳೆಯುತ್ತ, ಅಲ್ಲಲ್ಲಿ ಉಬ್ಬಿಕೊಂಡು ಮರಳಿ ಬಂತು, ಮತ್ತು ಅದರ ಮೇಲೆ ಸೇನಾ ನಂಬರು ಇದ್ದಿದ್ದರೆ ಅದೂ ಶಾಶ್ವತವಾಗಿ ಹೋಯಿತು. ಅಮೆರಿಕದ ಸೇನೆ ತನ್ನ ಜೀಪುಗಳ ನೋಂದಣಿ ಸಂಖ್ಯೆಯನ್ನು ಬಾನೆಟ್ಟಿನ ಎರಡೂ ಮಗ್ಗುಲಿಗೆ ಬರೆಯುತ್ತಿತ್ತು. ಆ ಸಂಖ್ಯೆ 20ರಿಂದ ಆರಂಭವಾಗುತ್ತಿತ್ತು. ಮೊದಲು ಮಂದ ನೀಲಿಯಲ್ಲಿ, ಆಮೇಲೆ ಬಿಳಿಯಲ್ಲಿ ಬರೆದರು. ನಮ್ಮ ಜೀಪಿನ ಬಾನೆಟ್ಟಿನ ಮೇಲೆ ಅಂಥದ್ದು ಇತ್ತೇ ಇಲ್ಲವೇ ಎಂಬುದನ್ನು ಇನ್ನು ಯಾರೂ ಹೇಳಲಾರರು.

ಸರಿಯಾದ ವಿಧಾನ ಸುಲಭದ್ದೇ. ನೀರುಕಾಗದವನ್ನು, ಅಂದರೆ ನೀರು ಹಚ್ಚಿ ಉಜ್ಜುವ ನಯವಾದ ಸ್ಯಾಂಡ್‌ಪೇಪರನ್ನು, ಬೆರಳಿನ ತುದಿಗೆ ಸುತ್ತಿಕೊಂಡು ರೂಪಾಯಿ ನಾಣ್ಯದಷ್ಟು ಜಾಗವನ್ನು ನಿಧಾನವಾಗಿ ಉಜ್ಜುತ್ತ ಹೋದರೆ ಬಣ್ಣದ ಪದರಗಳು ಒಂದರ ಒಳಗೊಂದು ಉಂಗುರಗಳಂತೆ ತೆರೆದುಕೊಳ್ಳುತ್ತವೆ. ನಮ್ಮ ಜೀಪಿನ ಮಗ್ಗುಲಿನಲ್ಲಿ ಕೆನೆಬಣ್ಣ, ಅದರಡಿ ಕುಂಕುಮಗೆಂಪು, ಅದರಡಿ ಎರಡು ಬೇರೆ ಬೇರೆ ನೀಲಿ, ಎಲ್ಲದರ ಕೆಳಗೆ ಕಂದುಮಿಶ್ರಿತ ಹಸಿರು ಕಂಡವು. ಬಿಸಿಲು ಬೀಳದ ಜಾಗಗಳಲ್ಲಿ, ಉದಾಹರಣೆಗೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯ ಬಾಗಿಲಿನ ಹಿಂದೆ ಮತ್ತು ಸೀಟಿನ ಕೆಳಗೆ, ಬಣ್ಣ ಮಾಸದೆ ಉಳಿದಿರುತ್ತದೆ. ಪ್ರತಿ ಉಂಗುರದ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಹಗಲು ಬೆಳಕಿನಲ್ಲಿ ಫೋಟೊ ತೆಗೆಯಿರಿ. ಹಳೆಯ ಬಣ್ಣದಲ್ಲಿ ಸೀಸ ಇರುವುದರಿಂದ ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬೇಡಿ, ಮಕ್ಕಳನ್ನು ದೂರವಿಡಿ.

ಇದರ ಜೊತೆಗೆ ಮನೆಯ ಹಿರಿಯರನ್ನು ಮಾತಾಡಿಸಿ. ಪೆಟ್ಟಿಗೆಯಲ್ಲಿರುವ ಹಳೆಯ ಕಾಗದಗಳನ್ನು ತೆಗೆಯುವಾಗ ಒಂದು ಸಂಗತಿ ನೆನಪಿರಲಿ: 1956ರವರೆಗೆ ಬೆಳಗಾವಿ ಮತ್ತು ವಿಜಾಪುರ ಜಿಲ್ಲೆಗಳು ಬೊಂಬಾಯಿ ರಾಜ್ಯದಲ್ಲಿದ್ದವು. ಹಾಗಾಗಿ ಮೊದಲ ನೋಂದಣಿಯ ಪುಸ್ತಕ, ತೆರಿಗೆಯ ರಸೀದಿ ಅಲ್ಲಿಯ ಮುದ್ರೆ ಹೊತ್ತಿರುತ್ತವೆ, ಕೆಲವೊಮ್ಮೆ ಬರಹ ಮರಾಠಿಯಲ್ಲಿರುತ್ತದೆ. ಅವನ್ನು ರದ್ದಿಗೆ ಹಾಕಬೇಡಿ.

ಈಗ ಡೀಸೆಲ್ ಎಂಜಿನ್ ಇದೆ. ತೆಗೆದು ಮೂಲ ಎಂಜಿನ್ ಹಾಕಬೇಕೇ?

ಮೂಲ ಎಂಜಿನ್ ನಾಲ್ಕು ಸಿಲಿಂಡರಿನ, ಪಕ್ಕದಲ್ಲಿ ವಾಲ್ವುಗಳಿರುವ, 2.2 ಲೀಟರಿನ ಪೆಟ್ರೋಲ್ ಎಂಜಿನ್. ಶಕ್ತಿ 60 ಅಶ್ವಶಕ್ತಿ. ಪೆಟ್ರೋಲ್ ತುಟ್ಟಿಯಾದಂತೆ ನಮ್ಮ ಭಾಗದ ಮಾಲೀಕರು ಅದನ್ನು ಕಿತ್ತು ಪೂಜೋ ಡೀಸೆಲ್ಲನ್ನೋ ಮ್ಯಾಟಡೋರ್ ಎಂಜಿನ್ನನ್ನೋ ಕೂರಿಸಿದರು. ಆ ಎಂಜಿನ್ನುಗಳ ಭಾರಕ್ಕೂ ನಡುಕಕ್ಕೂ ಜೀಪಿನ ಚಾಸಿ ಹೇಳಿಮಾಡಿಸಿದ್ದಲ್ಲ. ಹೊಸ ಆಸರೆ ಕೊಡಲು ಅಡ್ಡಪಟ್ಟಿ ಕತ್ತರಿಸಿ ವೆಲ್ಡ್ ಮಾಡಿದ ಕಡೆಗಳಲ್ಲಿ ಬಿರುಕುಗಳನ್ನು ಮೊದಲು ಹುಡುಕಿ.

ಮೂಲ ಎಂಜಿನ್ ಮನೆಯಲ್ಲಿಯೇ ಬಿದ್ದಿದ್ದರೆ, ಬ್ಲಾಕ್ ಒಡೆದಿಲ್ಲದಿದ್ದರೆ, ಅದಕ್ಕೆ ಮರುಜೀವ ಕೊಡುವುದು ನಮ್ಮ ಭಾಗದಲ್ಲಿ ಕಷ್ಟದ ಕೆಲಸವಲ್ಲ. ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಎರಕ, ಬೋರಿಂಗ್, ಗ್ರೈಂಡಿಂಗ್ ಬಲ್ಲ ಕೈಗಳು ದೇಶದ ಎಷ್ಟೋ ದೊಡ್ಡ ನಗರಗಳಿಗಿಂತ ಹೆಚ್ಚು. ಮೂಲ ಎಂಜಿನ್ ಎಲ್ಲಿಯೋ ಕರಗಿಹೋಗಿದ್ದರೆ ಅದೇ ಜಾತಿಯ ಇನ್ನೊಂದನ್ನು ಹುಡುಕಬಹುದು. ಆದರೆ ಅದಕ್ಕೆ ನಿಮ್ಮ ಹಳೆಯ ನಂಬರನ್ನು ಕೊರೆಸಬೇಡಿ. ಕೊರೆದುಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಅದು ಜೀರ್ಣೋದ್ಧಾರವಲ್ಲ, ಅಪರಾಧ.

ಡೀಸೆಲ್ಲಿನಲ್ಲಿಯೇ ಓಡಿಸುತ್ತೇನೆ, ನನಗೆ ಹೊಲಕ್ಕೆ ಬೇಕು ಎಂದರೆ ಹಾಗೆಯೇ ಇರಲಿ. ಓಡುತ್ತಿರುವ ಗಾಡಿಯನ್ನು ನಿಲ್ಲಿಸಿ ನಾಲ್ಕು ವರ್ಷ ಬಿಚ್ಚಿಟ್ಟು, ಕೊನೆಗೆ ಗುಜರಿಗೆ ಕೊಟ್ಟವರನ್ನು ಬೇಕಾದಷ್ಟು ಕಂಡಿದ್ದೇನೆ.

ಬಲಗೈ ಸ್ಟೀರಿಂಗ್‌ಗೆ ಬದಲಾಗಿದೆ. ಎಡಕ್ಕೆ ಮರಳಿಸಬೇಕೇ?

ಯುದ್ಧದ ಜೀಪುಗಳೆಲ್ಲ ಎಡಗೈ ಸ್ಟೀರಿಂಗಿನವು. ಮೋಟಾರು ವಾಹನ ಕಾಯ್ದೆಯ 120ನೆಯ ಕಲಂ ಎಡಗೈ ಸ್ಟೀರಿಂಗನ್ನು ಪೂರ್ತಿ ನಿಷೇಧಿಸುವುದಿಲ್ಲ. ನಿಗದಿತ ಬಗೆಯ, ಕೆಲಸ ಮಾಡುವ ಸಂಕೇತ ಸಾಧನ, ಎಂದರೆ ಇಂಡಿಕೇಟರು, ಇರಬೇಕೆಂದು ಹೇಳುತ್ತದೆ. ಆದ್ದರಿಂದ ಕಾನೂನಿನ ಅಡ್ಡಿ ಜನ ಹೆದರಿಸುವಷ್ಟು ದೊಡ್ಡದಲ್ಲ. ನಿಜವಾಗಿ ನೋಡಬೇಕಾದದ್ದು ಹಳೆಯ ಬದಲಾವಣೆ ಎಷ್ಟು ಗಟ್ಟಿಯಾಗಿದೆ ಎಂಬುದನ್ನು. ಸ್ಟೀರಿಂಗ್ ಪೆಟ್ಟಿಗೆಯನ್ನು ಬಲಕ್ಕೆ ತರುವಾಗ ರಾಡುಗಳನ್ನು ಕತ್ತರಿಸಿ, ಬೆಸುಗೆ ಹಾಕಿ ಉದ್ದ ಮಾಡಿರುವುದುಂಟು. ಬೆಸುಗೆ ಹಾಕಿದ ಸ್ಟೀರಿಂಗ್ ರಾಡು ಇದ್ದರೆ ರೂಪದ ಚರ್ಚೆ ಬದಿಗಿರಲಿ, ಗಾಡಿ ಶೆಡ್ಡಿನಿಂದ ಹೊರಬರಬಾರದು.

ತಗಡು ಪೂರ್ತಿ ತುಕ್ಕು ಹಿಡಿದಿದೆ. ಹೊಸ ಬಾಡಿ ತರಿಸಿ ಕೂರಿಸಿದರೆ ತಪ್ಪೇ?

ತಪ್ಪಲ್ಲ, ಆದರೆ ಕೊನೆಯ ಮಾತಾಗಿರಲಿ. ಈ ಜೀಪಿನ ತಗಡು ಕೆಳಗಿನಿಂದ ಮೇಲಕ್ಕೆ ಸಾಯುತ್ತದೆ. ನೆಲದ ತಗಡಿನಡಿ ಇರುವ ಟೋಪಿಯಾಕಾರದ ಪಟ್ಟಿಗಳ ಒಳಗೆ ಮರದ ತುಂಡುಗಳನ್ನು ತುಂಬಿದ್ದಾರೆ. ಮರ ನೀರು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ, ಸುತ್ತಲಿನ ಕಬ್ಬಿಣ ಕರಗುತ್ತದೆ. ಹಿಂದಿನ ಮೂಲೆಯ ಪೆಟ್ಟಿಗೆಗಳ ತಳವೂ ಹಾಗೆಯೇ. ಇಲ್ಲಿ ನಮ್ಮ ಭಾಗದೊಳಗೇ ವ್ಯತ್ಯಾಸ ಕಾಣುತ್ತದೆ. ಖಾನಾಪುರದ ಮಳೆಯಲ್ಲಿ ನಿಂತ ಜೀಪಿನ ನೆಲ ಜರಡಿಯಾಗಿದ್ದರೆ, ಇಂಡಿ ಅಥವಾ ಸಿಂದಗಿಯ ಒಣಬಿಸಿಲಿನಲ್ಲಿ ನಿಂತದ್ದರ ತಗಡು ಗಟ್ಟಿಯಾಗಿರುತ್ತದೆ, ರಬ್ಬರ್ ಮತ್ತು ಮರ ಮಾತ್ರ ಸೀಳಿರುತ್ತವೆ. ವಿಜಯಪುರ ಕಡೆ ಜೀಪು ಮಾರಾಟಕ್ಕಿದೆ ಎಂದು ಕೇಳಿದರೆ ನನ್ನ ಕಿವಿ ನೆಟ್ಟಗಾಗುವುದು ಇದಕ್ಕೇ.

ಕೊಳೆತ ಭಾಗವನ್ನಷ್ಟೇ ಕತ್ತರಿಸಿ ಅಷ್ಟೇ ದಪ್ಪದ ತಗಡಿನ ತುಂಡು ಕೂರಿಸುವುದು ನಿಧಾನದ ಕೆಲಸ, ಕೂಲಿಯೂ ಹೆಚ್ಚು. ಆದರೆ ಅರ್ಧ ತಗಡು ಮೂಲದ್ದೇ ಉಳಿದರೂ ಗಾಡಿ ಅದೇ ಗಾಡಿ. ಹೊಸ ತುಂಡಿನ ಒಳಮೈಯಲ್ಲಿ ಕೆಲಸ ಮಾಡಿದ ವರ್ಷವನ್ನು ಸಣ್ಣ ಅಂಕಿಗಳಲ್ಲಿ ಒತ್ತಿಸಿಬಿಡಿ. ಮುಂದೆ ನೋಡುವವರಿಗೆ ಯಾವುದು ಹಳೆಯದು ಯಾವುದು ಹೊಸದು ಎಂದು ತಿಳಿಯುತ್ತದೆ.

ಸೇನೆಯ ಹಸಿರು ಬಣ್ಣ ಬಳಿದು, ಬಾನೆಟ್ಟಿನ ಮೇಲೆ ಬಿಳಿ ನಕ್ಷತ್ರ ಬರೆಸಬಹುದೇ?

ಎರಡಕ್ಕೂ ತಡೆಯಿರಿ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೆಯ ನಿಯಮದಂತೆ ರಕ್ಷಣಾ ಇಲಾಖೆಗೆ ಸೇರದ ಯಾವ ವಾಹನಕ್ಕೂ ಆಲಿವ್ ಹಸಿರು ಬಣ್ಣ ಬಳಿಯುವಂತಿಲ್ಲ. ಯುದ್ಧಕಾಲದ ಅಮೆರಿಕನ್ ಬಣ್ಣ ಕಂದಿಗೆ ಹೊರಳುವ ಬೇರೆಯದೇ ಛಾಯೆ ಎಂಬುದು ನಿಜ, ಆದರೆ ಛಾಯೆಯ ಸೂಕ್ಷ್ಮಗಳನ್ನು ರಸ್ತೆಬದಿಯಲ್ಲಿ ನಿಂತು ವಾದಿಸಿ ಗೆದ್ದವರನ್ನು ನಾನು ಕಂಡಿಲ್ಲ. ಅದರಲ್ಲೂ ಬೆಳಗಾವಿಯಂಥ ದಂಡಿನ ಊರಿನಲ್ಲಿ ಖಾಸಗಿ ಜೀಪೊಂದು ಸೇನೆಯ ವೇಷದಲ್ಲಿ ತಿರುಗುವುದು ಭದ್ರತೆಯ ದೃಷ್ಟಿಯಿಂದಲೂ ಒಳ್ಳೆಯದಲ್ಲ. ಸೇನೆಯ ರೂಪವನ್ನೇ ಆರಿಸಿಕೊಂಡವರು ಬಣ್ಣದ ವಿಷಯವನ್ನು ನೋಂದಣಿ ಪ್ರಾಧಿಕಾರಕ್ಕೆ ಮೊದಲೇ ಬರೆದು ಕೇಳಬೇಕು. ಊರಿನ ರೂಪವನ್ನು ಆರಿಸಿಕೊಂಡವರಿಗೆ ಈ ತೊಡಕೇ ಇಲ್ಲ; ಉಂಗುರಗಳಲ್ಲಿ ಕಂಡ ನೀಲಿಯನ್ನೋ ಕೆಂಪನ್ನೋ ಬಳಿದರಾಯಿತು.

ನಕ್ಷತ್ರ ಅಮೆರಿಕನ್ ಸೇನೆಯ ಗುರುತು. ನಿಮ್ಮ ಜೀಪು ಅವರ ಬಳಕೆಯಲ್ಲಿತ್ತೆಂಬುದಕ್ಕೆ ಬಣ್ಣದ ಪದರದಲ್ಲಿ ಸಾಕ್ಷಿ ಸಿಕ್ಕರೆ ಬರೆಸಿ. ಸಿಗದಿದ್ದರೆ, ಬರ್ಮಾ ಗಡಿಯಾಚೆ ಕಾಲಿಡದ ಗಾಡಿಗೆ ಫ್ರಾನ್ಸಿನ ನಾರ್ಮಂಡಿ ಯುದ್ಧದ ಅಲಂಕಾರ ಮಾಡಿದಂತಾಗುತ್ತದೆ. ಬಡಾವಣೆಗೊಂದರಂತೆ ಇಂಥ ಜೀಪುಗಳಿವೆ.

ಕಾಗದಪತ್ರ ಹೇಗೆ? ‘ವಿಂಟೇಜ್’ ನೋಂದಣಿ ಮಾಡಿಸಬಹುದೇ?

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲರೂಪದಲ್ಲಿ ಉಳಿಸಿಕೊಂಡ, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಬದಲಾವಣೆಯಾಗದ ವಾಹನಗಳಿಗೆ ಅದು ಅನ್ವಯಿಸುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಮರುನೋಂದಣಿಗೆ 5,000 ರೂಪಾಯಿ. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂಬ ಗುರುತು ಬರುತ್ತದೆ. ಹೀಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ, ದುರಸ್ತಿ ಇಂಥವುಗಳಿಗೆ ಮಾತ್ರ ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಅಲ್ಲ.

ಇಲ್ಲಿಯೇ ನಮ್ಮ ಮೂಲ ಪ್ರಶ್ನೆ ಕಾನೂನಿನ ವೇಷದಲ್ಲಿ ಮರಳಿ ಬರುತ್ತದೆ: ‘ಮೂಲರೂಪ’ ಎಂದರೆ ಯಾವುದು? ಸೇನೆಯಲ್ಲಿದ್ದಾಗ ಜೀಪಿಗೆ ನಾಗರಿಕ ನೋಂದಣಿ ಇರಲಿಲ್ಲ. 1940ರ ದಶಕದ ಕೊನೆಗೋ 50ರ ದಶಕಕ್ಕೋ ಮೊದಲ ಸಲ ನೋಂದಣಿಯಾದಾಗ ಪುಸ್ತಕದಲ್ಲಿ ಬಾಡಿಯ ಬಗೆ, ಸೀಟುಗಳ ಸಂಖ್ಯೆ, ಬಣ್ಣ ಏನೆಂದು ಬರೆದಿದ್ದಾರೆಂಬುದು ನಿಮ್ಮ ವಾದಕ್ಕೆ ಗಟ್ಟಿ ಆಧಾರ. ಹಳೆಯ ಪುಸ್ತಕವನ್ನು ರದ್ದಿಗೆ ಹಾಕಬೇಡಿ ಎಂದದ್ದು ಇದಕ್ಕಾಗಿ. ಡೀಸೆಲ್ ಎಂಜಿನ್ ಕೂರಿಸಿದ ಜೀಪು ಈ ವರ್ಗಕ್ಕೆ ಹೊಂದುವುದಿಲ್ಲ.

ಸಾಮಾನ್ಯ ನೋಂದಣಿಯಲ್ಲಿಯೇ ಉಳಿಯುವವರಿಗೆ 15 ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಣದ ದಾರಿಯಿದೆ. ಆದರೆ ಕಾಯ್ದೆಯ 52ನೆಯ ಕಲಂ ಮತ್ತು ಅದರ ಮೇಲಿನ 2019ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆ ನಿಲ್ಲುವುದಿಲ್ಲ. ಎಂಜಿನ್ ಅಥವಾ ಇಂಧನ ಬದಲಿಸುವ ಯೋಚನೆಯಿದ್ದರೆ ನಿಮ್ಮ ಕಚೇರಿಯಲ್ಲಿ, ಅದು ಬೆಳಗಾವಿಯ ಕೆಎ-22 ಇರಲಿ, ವಿಜಯಪುರದ ಕೆಎ-28 ಇರಲಿ, ಬಾಗಲಕೋಟೆಯ ಕೆಎ-29 ಇರಲಿ, ಬೋಲ್ಟು ಸಡಿಲಿಸುವ ಮೊದಲೇ ಲಿಖಿತ ಅನುಮತಿ ಕೇಳಿ.

6 ವೋಲ್ಟಿನಿಂದ 12 ವೋಲ್ಟಿಗೆ ಬದಲಿಸಬಹುದೇ?

ಓಡಿಸುವ ಗಾಡಿಯಾದರೆ ಧಾರಾಳವಾಗಿ ಬದಲಿಸಿ. ಮೂಲ ಡೈನಮೊ, ದೀಪದ ಬುರುಡೆಗಳನ್ನು ಬಟ್ಟೆಯಲ್ಲಿ ಸುತ್ತಿ, ಚೀಟಿ ಬರೆದು ಎತ್ತಿಡಿ.

ಬ್ರೇಕು ಮತ್ತು ಚಕ್ರಗಳಲ್ಲಿ ಏನು ಗಮನಿಸಬೇಕು?

ಬ್ರೇಕಿನ ವ್ಯವಸ್ಥೆ ಒಂದೇ ಸರ್ಕ್ಯೂಟಿನದು. ಎಲ್ಲಿಯಾದರೂ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರಗಳ ಬ್ರೇಕು ಹೋಗುತ್ತದೆ. ಆದ್ದರಿಂದ ಪೈಪು, ಸಿಲಿಂಡರುಗಳ ವಿಷಯದಲ್ಲಿ ‘ಮೂಲದ್ದೇ ಇರಲಿ’ ಎಂಬ ಹಟ ಬೇಡ. ಹಳೆಯ ಬ್ರೇಕು ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಡ್ರಮ್ಮಿನೊಳಗಿನ ಧೂಳನ್ನು ಗಾಳಿಯ ಒತ್ತಡದಿಂದ ಊದಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಎಡಗಡೆಯ ಚಕ್ರಗಳ ನಟ್ಟುಗಳು ತಿರುವುಮುರುವು. ಸಡಿಲಿಸಲು ಬಲಕ್ಕೆ ತಿರುಗಿಸಬೇಕು. ಇದು ತಿಳಿಯದೆ ನಾಲ್ಕಡಿ ಪೈಪು ಹಾಕಿ ಎಳೆದು ಸ್ಟಡ್ಡು ಮುರಿದವರ ಸಾಲಿನಲ್ಲಿ ನಾನೂ ಇದ್ದೇನೆ. ಇನ್ನೊಂದು ಮಾತು ಜೀವದ್ದು: ಯುದ್ಧಕಾಲದ ‘ಕಾಂಬ್ಯಾಟ್’ ಚಕ್ರ ಎರಡು ಹೋಳುಗಳನ್ನು ನಟ್ಟುಗಳಿಂದ ಜೋಡಿಸಿದ್ದು. ಗಾಳಿ ಪೂರ್ತಿ ಬಿಡದೆ ಆ ನಟ್ಟುಗಳನ್ನು ಸಡಿಲಿಸಿದರೆ ಹೋಳು ಸಿಡಿಗುಂಡಿನಂತೆ ಹಾರುತ್ತದೆ. ಪಂಕ್ಚರ್ ಅಂಗಡಿಯ ಹುಡುಗನಿಗೆ ಇದು ಗೊತ್ತಿರುತ್ತದೆ ಎಂದುಕೊಳ್ಳಬೇಡಿ, ಪಕ್ಕದಲ್ಲಿ ನಿಂತು ಹೇಳಿ.

ಇಂದಿನ ಪೆಟ್ರೋಲ್ ಹಳೆಯ ಎಂಜಿನ್ನಿಗೆ ಆಗುತ್ತದೆಯೇ?

ಎಂಜಿನ್ನಿಗೆ ಆಗುತ್ತದೆ, ಕಡಿಮೆ ಒತ್ತಡದ ಆ ಎಂಜಿನ್ನಿಗೆ ಹೆಚ್ಚಿನ ಆಕ್ಟೇನ್ ಬೇಕಿಲ್ಲ. ತೊಂದರೆ ಇರುವುದು ಎಥೆನಾಲ್ ಬೆರಕೆಯಿಂದ. ಅದು ಹಳೆಯ ರಬ್ಬರ್ ಪೈಪುಗಳನ್ನೂ ಪಂಪಿನ ಪೊರೆಯನ್ನೂ ಮೆತ್ತಗಾಗಿಸುತ್ತದೆ, ಗಾಳಿಯ ತೇವ ಹೀರಿ ಟ್ಯಾಂಕಿನಲ್ಲಿ ತುಕ್ಕು ಹಿಡಿಸುತ್ತದೆ. ಆ ಎಥೆನಾಲ್ ನಮ್ಮ ಹೊಲದ ಕಬ್ಬಿನದೇ ಆಗಿರಬಹುದು ಎಂದುಕೊಂಡು ಸಮಾಧಾನಪಡಬೇಕಷ್ಟೇ. ಎಥೆನಾಲ್ ತಡೆಯುವ ಪೈಪು, ಪೊರೆಗಳನ್ನು ಹಾಕಿಸಿ. ಟ್ಯಾಂಕು ಸೀಟಿನ ಕೆಳಗೇ ಇದೆ ಎಂಬುದನ್ನು ಮರೆಯಬೇಡಿ.

ಲಾರಿ, ಟ್ರೇಲರು, ಜೋಂಗಾಗಳಿಗೂ ಇದೇ ಮಾತು ಅನ್ವಯಿಸುತ್ತದೆಯೇ?

ಕೆನಡಾದಲ್ಲಿ ತಯಾರಾದ ಫೋರ್ಡ್ ಮತ್ತು ಷೆವರ್ಲೆ ಸೇನಾ ಟ್ರಕ್ಕುಗಳಿಗೆ ಯುದ್ಧದ ನಂತರ ಇಲ್ಲಿ ಮರದ ಬಾಡಿ ಕಟ್ಟಿ ಲಾರಿ, ಬಸ್ಸು ಮಾಡಿದರು. ಅವುಗಳಲ್ಲಿ ಬಾಡಿಯೇ ಹೆಚ್ಚು ಅಪರೂಪ; ಉಳಿಸುವ ಕಡೆಗೇ ನನ್ನ ಒಲವು. ಜೋಂಗಾ ಜಬಲ್ಪುರದ ಕಾರ್ಖಾನೆಯಲ್ಲಿ ನಿಸಾನ್ ಮಾದರಿಯಿಂದ ತಯಾರಾದ, ನಮ್ಮದೇ ಸೇನೆಯ ಗಾಡಿ. ಬಿಡಿಭಾಗಗಳ ಕೊರತೆ ಅದಕ್ಕೆ ಜೀಪಿಗಿಂತ ಹೆಚ್ಚು, ಆದ್ದರಿಂದ ಬಿಚ್ಚುವ ಮೊದಲು ಎರಡು ಸಲ ಯೋಚಿಸಿ.

ಕೆಲಸವನ್ನು ಯಾರಿಗೆ ಒಪ್ಪಿಸಬೇಕು?

ಪೂರ್ತಿ ಗಾಡಿಯನ್ನು ಒಬ್ಬರಿಗೆ ಒಪ್ಪಿಸಿ ಮುಂಗಡ ಕೊಟ್ಟು ಮನೆಗೆ ಬರಬೇಡಿ. ನಮ್ಮ ಜೀಪು ಒಂದು ಗ್ಯಾರೇಜಿನಲ್ಲಿ ಹದಿನಾಲ್ಕು ತಿಂಗಳು ಮಳೆಗೆ ನೆನೆಯಿತು. ಮರಳಿ ತರುವಾಗ ಮೂಲ ಕಾರ್ಬ್ಯುರೇಟರಿನ ಜಾಗದಲ್ಲಿ ಬೇರೆಯದೇ ಇತ್ತು. ಅಂದಿನಿಂದ ನಾನು ಕೆಲಸವನ್ನು ತುಂಡು ತುಂಡಾಗಿ ಕೊಡುತ್ತೇನೆ: ಎಂಜಿನ್ ಒಬ್ಬರಿಗೆ, ತಗಡು ಒಬ್ಬರಿಗೆ, ಮರ ಬಡಿಗರಿಗೆ. ಬಿಚ್ಚಿದ ಪ್ರತಿ ಭಾಗದ ಫೋಟೊ, ಮೇಲೊಂದು ಚೀಟಿ, ಮನೆಯಲ್ಲೊಂದು ವಹಿ.

ಸದ್ಯಕ್ಕೆ ಹಣವಿಲ್ಲ, ನಿರ್ಧಾರವೂ ಆಗಿಲ್ಲ. ಹಾಗೆಯೇ ಇಟ್ಟರೆ ನಡೆಯುತ್ತದೆಯೇ?

ನಡೆಯುತ್ತದೆ; ಅವಸರದ ಜೀರ್ಣೋದ್ಧಾರಕ್ಕಿಂತ ಒಳ್ಳೆಯದೂ ಹೌದು. ಮಳೆಗಾಲಕ್ಕೆ ಮೊದಲು ಟ್ಯಾಂಕಿನ ಪೆಟ್ರೋಲ್ ಮತ್ತು ರೇಡಿಯೇಟರಿನ ನೀರು ಖಾಲಿ ಮಾಡಿ. ಬ್ಯಾಟರಿ ತೆಗೆದಿಡಿ. ಚಾಸಿಗೆ ನಾಲ್ಕು ಕಡೆ ಗಟ್ಟಿ ಆಸರೆ ಕೊಟ್ಟು ಟೈರುಗಳನ್ನು ನೆಲದಿಂದ ಎತ್ತಿ. ಕ್ಲಚ್ ಪೆಡಲನ್ನು ಒತ್ತಿ ಮರದ ತುಂಡು ಕೊಟ್ಟು ನಿಲ್ಲಿಸಿದರೆ ಪ್ಲೇಟು ಅಂಟಿಕೊಳ್ಳುವುದಿಲ್ಲ. ಪ್ಲಾಸ್ಟಿಕ್ ಹಾಳೆಯಿಂದ ಬಿಗಿದು ಮುಚ್ಚಬೇಡಿ, ಒಳಗೆ ಬೆವರಿ ತುಕ್ಕು ಹೆಚ್ಚುತ್ತದೆ. ಹಳೆಯ ಹತ್ತಿ ಜಮಖಾನೆ ಸಾಕು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಪ್ರತಿ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು, ತಿಂಗಳಿಗೊಮ್ಮೆ ಬಂಪರಿನ ತೂತಿನಿಂದ ಹ್ಯಾಂಡಲ್ ತೂರಿಸಿ, ಗೇರು ನ್ಯೂಟ್ರಲ್‌ನಲ್ಲಿದೆಯೇ ಎಂದು ನೋಡಿಕೊಂಡು, ಕೈಯಿಂದ ನಾಲ್ಕು ಸುತ್ತು ತಿರುಗಿಸಿ.